ಸಾಲು ಎತ್ತಿ ಬರೆದರೆ ಸಾಲದು: ಪ್ರಬಂಧದಲ್ಲಿ ಉದ್ಧರಣೆಯನ್ನು ಪುರಾವೆಯಾಗಿಸಲು ಕಲಿಸುವ ಬಗೆ

ಹೈಸ್ಕೂಲಿನ ಪ್ರಬಂಧಗಳನ್ನು ತಿದ್ದುವವರಿಗೆಲ್ಲ ಈ ನೋಟ ಪರಿಚಿತ. ಮೊದಲ ಸಾಲಿಗೇ ಒಂದು ವಚನ, ನಡುವೆ ಒಂದು ಗಾದೆ, ಕೊನೆಗೆ ಯಾರೋ ಮಹಾತ್ಮರ ಹೆಸರಲ್ಲಿ ಒಂದು ನುಡಿಮುತ್ತು. ಮೂರನ್ನೂ ಹೊಡೆದುಹಾಕಿ ಓದಿದರೂ ಪ್ರಬಂಧ ಅಷ್ಟೇ ಇರುತ್ತದೆ, ಎಲ್ಲಿಯೂ ಕುಸಿಯುವುದಿಲ್ಲ. ಅಂದರೆ ಆ ಸಾಲುಗಳು ಬಾಗಿಲ ತೋರಣವಾಗಿದ್ದವೇ ಹೊರತು ಮನೆಯ ಕಂಬವಾಗಿರಲಿಲ್ಲ. ತೆಗೆದರೆ ವಾದ ಬೀಳುವಂಥ ಸಾಲು ಮಾತ್ರ ಪುರಾವೆ. ಮಕ್ಕಳಿಗೆ ಮೊದಲ ದಿನವೇ ಈ ಪರೀಕ್ಷೆ ಹೇಳಿಕೊಡಿ: ಉದ್ಧರಿಸಿದ ಸಾಲನ್ನು ಬೆರಳಿನಿಂದ ಮುಚ್ಚಿ ಓದು, ಏನಾದರೂ ಕಡಿಮೆಯಾಯಿತಾ?

ಇದನ್ನು ಕಲಿಸಲು ಹೊಸ ಪದ್ಧತಿಯೇನೂ ಬೇಕಿಲ್ಲ. ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲೇ ಅದು ಅರ್ಧ ಇದೆ. “ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ” ಎಂಬ ಪ್ರಶ್ನೆಗೆ ಮಕ್ಕಳು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ ನಿದ್ದೆಗಣ್ಣಲ್ಲೂ ಬರೆಯಬಲ್ಲರು. ಪ್ರಬಂಧಕ್ಕೆ ಬೇಕಾದದ್ದೂ ಇವೇ ಮೂರು, ಜೊತೆಗೆ ನಾಲ್ಕನೆಯದೊಂದು. ಪರೀಕ್ಷೆಯಲ್ಲಿ ಸಾಲನ್ನು ಬೇರೆಯವರು ಆರಿಸಿ ಕೊಡುತ್ತಾರೆ, ಪ್ರಬಂಧದಲ್ಲಿ ವಿದ್ಯಾರ್ಥಿಯೇ ಆರಿಸಬೇಕು. ಆರಿಸಿದ ಮೇಲೆ ಅದಕ್ಕೂ ತನ್ನ ನಿಲುವಿಗೂ ಇರುವ ನಂಟನ್ನು ತಾನೇ ಬರೆದು ತೋರಿಸಬೇಕು. ಕಲಿಸಬೇಕಾದ ಹೊಸದೆಂದರೆ ಈ ನಂಟು. ಆರು ಪಿರಿಯಡ್ ಇಟ್ಟುಕೊಂಡರೆ ಒಂಬತ್ತು, ಹತ್ತನೇ ತರಗತಿಯವರಿಗೆ ಕೈಗೆ ಹತ್ತುತ್ತದೆ.

ಪಠ್ಯ ಎಲ್ಲರಿಗೂ ಬಾಯಿಪಾಠ ಇರುವಂಥದ್ದಾಗಿರಲಿ

ಕಲಿಸುವ ಕೌಶಲ ಹೊಸದಾದಾಗ ಪಠ್ಯ ಹಳೆಯದಾಗಿರಬೇಕು. ಅರ್ಥ ಮಾಡಿಕೊಳ್ಳುವುದರಲ್ಲೇ ಪಿರಿಯಡ್ ಮುಗಿದುಹೋದರೆ ವಾದ ಕಟ್ಟಲು ಹೊತ್ತೆಲ್ಲಿ? ಇದಕ್ಕೆ ಗೋವಿನ ಹಾಡಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಕಥೆ ಎಲ್ಲರಿಗೂ ಗೊತ್ತು, ಸಾಲುಗಳು ಚಿಕ್ಕವು, ಯಾರು ಯಾರಿಗೆ ಹೇಳಿದರು ಎಂಬುದು ಸ್ಪಷ್ಟ. ಅಲ್ಲದೆ ಗೊತ್ತಿದೆ ಅಂದುಕೊಂಡದ್ದರಲ್ಲಿ ಗೊತ್ತಿಲ್ಲದ್ದು ಕಾಣಿಸಿದಾಗ ಮಕ್ಕಳ ಕಣ್ಣು ಅರಳುತ್ತದೆ.

ಒಂದು ಎಚ್ಚರಿಕೆ. ಇದು ಬಾಯಿಂದ ಬಾಯಿಗೆ ಬಂದ ಹಾಡು, ಪುಸ್ತಕದಿಂದ ಪುಸ್ತಕಕ್ಕೆ ಪದಗಳು ಬದಲಾಗುತ್ತವೆ, ಕೆಲವು ಕಡೆ ಚರಣಗಳೇ ಕಡಿಮೆ. ಹಾಗಾಗಿ ಇಡೀ ತರಗತಿಗೆ ಒಂದೇ ಪಾಠದ ಪ್ರತಿ ಕೊಡಿ, ಚರಣಗಳಿಗೆ 1, 2, 3 ಎಂದು ಸಂಖ್ಯೆ ಹಾಕಿಸಿ. ಆಮೇಲೆ “ಎಲ್ಲಿದೆ?” ಎಂದು ಕೇಳಿದರೆ “ಹದಿಮೂರರಲ್ಲಿ” ಎಂಬ ಉತ್ತರ ಬರಬೇಕು.

ಮೊದಲ ಪಿರಿಯಡ್: ಯಾರಾದರೂ ಇಲ್ಲ ಎನ್ನಬಹುದಾದ ಮಾತು

ಪುರಾವೆ ಬೇಕಾಗುವುದು ವಿವಾದ ಇದ್ದಲ್ಲಿ ಮಾತ್ರ. “ಪುಣ್ಯಕೋಟಿ ಸತ್ಯವಂತ ಹಸು” ಎಂಬುದಕ್ಕೆ ಸಾಲು ಕೊಟ್ಟರೇನು, ಬಿಟ್ಟರೇನು? ಅಲ್ಲ ಎನ್ನುವವರೇ ಇಲ್ಲ. ನಿಲುವು ಸಪ್ಪೆಯಾಗಿದ್ದರೆ ಅದರ ಪಕ್ಕದಲ್ಲಿಟ್ಟ ಸಾಲೂ ಅಲಂಕಾರವಾಗಿಯೇ ಉಳಿಯುತ್ತದೆ. ಉದ್ಧರಣೆ ಸರಿಯಿಲ್ಲ ಎಂದು ತಿದ್ದುವ ಎಷ್ಟೋ ಪ್ರಬಂಧಗಳ ನಿಜವಾದ ರೋಗ ಇಲ್ಲಿರುತ್ತದೆ.

ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯಿರಿ: ಹುಲಿ ಯಾಕೆ ಸತ್ತಿತು? ಮಕ್ಕಳು ಸಾಮಾನ್ಯವಾಗಿ ಕೊಡುವ ಉತ್ತರಗಳು ಮೂರು ಬಗೆಯವು. ಪಾಪ ಅನ್ನಿಸಿತು, ನಾಚಿಕೆಯಾಯಿತು, ಸತ್ಯ ಗೆದ್ದಿತು. ಮೂರನ್ನೂ ಬರೆದು ಕೈ ಎತ್ತಿಸಿ. ತರಗತಿ ಒಡೆದರೆ ನಿಮ್ಮ ಕೆಲಸ ಅರ್ಧ ಆಯಿತು. “ಸತ್ಯ ಗೆದ್ದಿತು” ಎಂದವರನ್ನು ಅಲ್ಲಿಗೇ ಬಿಡಬೇಡಿ. “ಗೆಲ್ಲೋದು ಅಂದ್ರೆ ಏನು? ಹುಲಿಯೊಳಗೆ ಏನಾಯ್ತು, ಅದನ್ನು ಹೇಳು” ಎಂದು ಒತ್ತಿ ಕೇಳಿ. ಪಿರಿಯಡ್ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರ ಪುಸ್ತಕದಲ್ಲೂ ಒಂದೇ ವಾಕ್ಯದ ನಿಲುವು ಇರಬೇಕು. ಉದಾಹರಣೆಗೆ: ಹುಲಿ ಪ್ರಾಣ ಬಿಟ್ಟದ್ದು ಬರೀ ಮರುಕದಿಂದಲ್ಲ, ಪುಣ್ಯಕೋಟಿಯ ಅಳತೆಗೋಲಿನಲ್ಲಿ ತನ್ನನ್ನು ತಾನು ಅಳೆದುಕೊಂಡದ್ದರಿಂದ.

ಎರಡನೆಯ ಪಿರಿಯಡ್: ಎಂಟು ಹೆಕ್ಕಿ ಐದು ಬಿಡುವುದು

ನೋಟ್ ಪುಸ್ತಕದ ಎರಡು ಪುಟ ಸೇರಿಸಿ ಮೂರು ಕಾಲಂ ಗೆರೆ ಎಳೆಸಿ. ಮೊದಲನೆಯದರಲ್ಲಿ ಸಾಲು, ಇದ್ದದ್ದು ಇದ್ದ ಹಾಗೆ. ಎರಡನೆಯದರಲ್ಲಿ ಯಾರು, ಯಾರಿಗೆ, ಯಾವಾಗ. ಮೂರನೆಯದರಲ್ಲಿ “ಇದರಿಂದ ಏನು ಕಾಣುತ್ತದೆ”. ಪ್ರತಿಯೊಬ್ಬರೂ ಎಂಟು ಸಾಲು ಹೆಕ್ಕಲಿ. ನಂತರ ಮೂರನ್ನು ಉಳಿಸಿಕೊಂಡು ಐದನ್ನು ಹೊಡೆದುಹಾಕಲಿ. ಹೊಡೆದುಹಾಕುವುದೇ ಪಾಠ. ಚಂದದ ಸಾಲನ್ನು ಬಿಡಲು ಮನಸ್ಸಾಗದೆ ಒದ್ದಾಡುವ ಮಗುವಿಗೆ “ಚಂದ ಇದೆ, ಸರಿ. ಆದರೆ ನಿನ್ನ ಮಾತಿಗೆ ಸಾಕ್ಷಿ ಹೇಳುತ್ತಾ?” ಎಂದು ಕೇಳಿ.

ಎರಡನೆಯ ಕಾಲಂ ಯಾಕೆ ಬೇಕು ಎಂಬುದು ಈ ಹಾಡಿನಲ್ಲೇ ಚೆನ್ನಾಗಿ ಕಾಣುತ್ತದೆ. ದೊಡ್ಡಿಯಲ್ಲಿ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವಾಗ ಪುಣ್ಯಕೋಟಿ “ಎನ್ನ ತಾಯೊಡಹುಟ್ಟುಗಳಿರಾ” ಎಂದು ಕರೆಯುತ್ತದೆ. ಕೊನೆಯಲ್ಲಿ ಹುಲಿ “ಎನ್ನ ಒಡಹುಟ್ಟಕ್ಕ ನೀನು” ಎನ್ನುತ್ತದೆ. ಚುರುಕಾದ ಹುಡುಗಿಯೊಬ್ಬಳು ಇವೆರಡನ್ನೂ ಜೋಡಿಸಿ “ಹುಲಿ ಹಸುವಿನ ಮಾತನ್ನೇ ತಿರುಗಿ ಹೇಳಿತು” ಎಂದು ಬರೆಯಬಹುದು. ಹೊಳಹು ಒಳ್ಳೆಯದೇ, ಆದರೆ ಎರಡನೆಯ ಕಾಲಂ ನೋಡಿದರೆ ಆ ಮಾತು ಆಡಿದ್ದು ದೊಡ್ಡಿಯಲ್ಲಿ, ಹುಲಿ ಇದ್ದದ್ದು ಕಾಡಿನಲ್ಲಿ. ಹುಲಿ ಅದನ್ನು ಕೇಳಿಸಿಕೊಂಡೇ ಇಲ್ಲ. ಹಾಗಾಗಿ ಅದು ಹಾಡು ಕಟ್ಟಿದವರ ಜೋಡಣೆಗೆ ಸಾಕ್ಷಿಯಾದೀತು, ಹುಲಿಯ ಮನಸ್ಸಿಗೆ ಸಾಕ್ಷಿಯಾಗದು. ಅದೇ “ಮೆಚ್ಚನಾ ಪರಮಾತ್ಮನು” ಎಂಬ ಸಾಲನ್ನು ನೋಡಿ. ಹುಲಿ “ನುಸುಳಿ ಹೋಗುವೆ ಮತ್ತೆ ಬರುವೆಯ” ಎಂದು ಅನುಮಾನಪಟ್ಟಾಗ, ಹುಲಿಯ ಎದುರಿಗೇ, ಪುಣ್ಯಕೋಟಿ “ಸತ್ಯವಾಕ್ಯಕೆ ತಪ್ಪಿ ನಡೆದರೆ / ಮೆಚ್ಚನಾ ಪರಮಾತ್ಮನು” ಎಂದಿತ್ತು. ಹಸು ಮರಳಿ ಬಂದ ಮೇಲೆ ಹುಲಿ ಅಂದದ್ದು “ಕನ್ನೆಯಿವಳನು ಕೊಂದು ತಿಂದರೆ / ಮೆಚ್ಚನಾ ಪರಮಾತ್ಮನು”. ಕೇಳಿಸಿಕೊಂಡ ಮಾತು, ತನ್ನ ಬಾಯಿಂದ ತನಗೇ ತಿರುಗಿ ಬಂತು. ಇದು ಪುರಾವೆ. ಸಂದರ್ಭ ಬರೆಯುವುದು ಅಂಕಕ್ಕಾಗಿ ಮಾತ್ರ ಎಂದು ತಿಳಿದಿದ್ದ ಮಕ್ಕಳಿಗೆ ಅದರ ಉಪಯೋಗ ಇಲ್ಲಿ ಮನದಟ್ಟಾಗುತ್ತದೆ.

ಮೂರು ಮತ್ತು ನಾಲ್ಕನೆಯ ಪಿರಿಯಡ್: ಒಂದೇ ಒಂದು ಪ್ಯಾರಾ

ಪೂರ್ತಿ ಪ್ರಬಂಧ ಬರೆಸಬೇಡಿ. ಒಂದು ಪ್ಯಾರಾ ಸಾಕು, ಆರರಿಂದ ಎಂಟು ವಾಕ್ಯ. ಮೊದಲು ಕೆಳಗಿನಂಥ ದುರ್ಬಲ ಪ್ಯಾರಾವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದಲೇ ತಪ್ಪು ಹುಡುಕಿಸಿ. ಯಾವ ವಿದ್ಯಾರ್ಥಿಯ ಬರಹವನ್ನೂ ಇದಕ್ಕೆ ಬಳಸಬೇಡಿ, ನೀವೇ ಬರೆಯಿರಿ.

“ಗೋವಿನ ಹಾಡಿನಲ್ಲಿ ಹುಲಿಯ ಮನಸ್ಸು ಬದಲಾಗುತ್ತದೆ. ‘ಪುಣ್ಯಕೋಟಿಯ ಮಾತ ಕೇಳಿ / ಕಣ್ಣ ನೀರನು ಸುರಿಸಿ ನೊಂದು / ಕನ್ನೆಯಿವಳನು ಕೊಂದು ತಿಂದರೆ / ಮೆಚ್ಚನಾ ಪರಮಾತ್ಮನು’ ಎಂದು ಕವಿ ಹೇಳಿದ್ದಾರೆ. ಇದರಿಂದ ಹುಲಿ ಒಳ್ಳೆಯದಾಯಿತು ಎಂದು ತಿಳಿದುಬರುತ್ತದೆ. ಆದ್ದರಿಂದ ನಾವೆಲ್ಲರೂ ಸತ್ಯವನ್ನೇ ನುಡಿಯಬೇಕು.”

ನಾಲ್ಕು ಸಾಲು ಎತ್ತಿಟ್ಟು ಒಂದನ್ನೂ ಮುಟ್ಟಿಲ್ಲ. “ತಿಳಿದುಬರುತ್ತದೆ” ಎಂಬುದು ಸೇತುವೆ ಇಲ್ಲದ ಹೊಳೆಯನ್ನು ಹಾರಿದಂತೆ, ಯಾವ ಪದದಿಂದ ಹೇಗೆ ತಿಳಿಯಿತು ಎಂದು ಹೇಳಿಲ್ಲ. ಹುಲಿಯ ಮಾತನ್ನು ಕವಿಯ ಮಾತು ಮಾಡಿದೆ. ಕಡೆಯ ವಾಕ್ಯ ನೀತಿಗೆ ಜಾರಿಕೊಂಡಿದೆ, ಹುಲಿಯ ಪ್ರಶ್ನೆ ಅಲ್ಲೇ ಬಿತ್ತು. ಈ ನೀತಿಗೆ ಜಾರುವ ರೂಢಿ ನಮ್ಮ ಮಕ್ಕಳಲ್ಲಿ ಬಹಳ ಆಳವಾಗಿದೆ. ಕಥೆಯ ಕೊನೆಗೆ ನೀತಿ ಹೇಳಿಸುತ್ತಾ ಬಂದವರು ನಾವೇ ಆದ್ದರಿಂದ ಬಿಡಿಸುವ ಕೆಲಸವೂ ನಮ್ಮದೇ.

ಈಗ ಗಟ್ಟಿಯಾದದ್ದು:

“ಹುಲಿ ಪ್ರಾಣ ಬಿಟ್ಟದ್ದು ಬರೀ ಮರುಕದಿಂದಲ್ಲ. ಮೊದಲ ಸಲ ಸಿಕ್ಕಾಗ ಅದಕ್ಕೆ ಪುಣ್ಯಕೋಟಿಯ ಮಾತಿನಲ್ಲಿ ನಂಬಿಕೆಯೇ ಇರಲಿಲ್ಲ. ‘ನುಸುಳಿ ಹೋಗುವೆ ಮತ್ತೆ ಬರುವೆಯ’ ಎಂದು ಅನುಮಾನಿಸಿತ್ತು. ಅದಕ್ಕೆ ಪುಣ್ಯಕೋಟಿ, ಸತ್ಯಕ್ಕೆ ತಪ್ಪಿದರೆ ‘ಮೆಚ್ಚನಾ ಪರಮಾತ್ಮನು’ ಎಂದು ಉತ್ತರ ಕೊಟ್ಟಿತು. ಹಸು ಮರಳಿ ಬಂದಾಗ ಹುಲಿಯ ಬಾಯಲ್ಲಿ ಬರುವುದೂ ಅದೇ ಮಾತು: ‘ಕನ್ನೆಯಿವಳನು ಕೊಂದು ತಿಂದರೆ / ಮೆಚ್ಚನಾ ಪರಮಾತ್ಮನು.’ ಹಸು ತನ್ನ ನಡತೆಗೆ ಹಿಡಿದ ಅಳತೆಯನ್ನೇ ಹುಲಿ ತನ್ನ ನಡತೆಗೂ ಹಿಡಿಯಿತು. ‘ಕಣ್ಣ ನೀರನು ಸುರಿಸಿ ನೊಂದು’ ಎಂದಿರುವುದರಿಂದ ಮರುಕವೂ ಇತ್ತು, ನಿಜ. ಆದರೆ ಮರುಕವೊಂದೇ ಆಗಿದ್ದರೆ ಹಸುವನ್ನು ಬಿಟ್ಟು ಕಳಿಸಿದರೆ ಸಾಕಿತ್ತು, ತಾನು ಸಾಯಬೇಕಿರಲಿಲ್ಲ.”

ಇದರ ಪಕ್ಕದಲ್ಲಿ ಮಕ್ಕಳಿಂದ ಮೂರು ಬಣ್ಣದ ಗೆರೆ ಎಳೆಸಿ. ನಿಲುವಿಗೆ ಕೆಂಪು, ಎತ್ತಿದ ಸಾಲಿಗೆ ನೀಲಿ, ಬಿಡಿಸಿ ಹೇಳಿದ್ದಕ್ಕೆ ಹಸಿರು. ಹಸಿರು ನೀಲಿಗಿಂತ ಹೆಚ್ಚಿರಬೇಕು. ಒಂದು ಸಾಲು ಎತ್ತಿದರೆ ಎರಡು ಸಾಲಾದರೂ ಸ್ವಂತದ್ದು ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ತನ್ನ ನಿಲುವಿಗೆ ಎದುರಾಗುವ “ಕಣ್ಣ ನೀರನು ಸುರಿಸಿ” ಎಂಬ ಸಾಲನ್ನು ಬರಹ ಬಚ್ಚಿಟ್ಟಿಲ್ಲ. ಎದುರು ಪುರಾವೆಯನ್ನು ತಾನೇ ಮುಂದಿಟ್ಟು ಉತ್ತರ ಕೊಟ್ಟಿದೆ. ಎಲ್ಲ ಮಕ್ಕಳಿಂದ ಇದನ್ನು ಮೊದಲ ಸಲಕ್ಕೇ ನಿರೀಕ್ಷಿಸಬೇಡಿ, ಆದರೆ ತೋರಿಸದೆ ಇರಬೇಡಿ.

ಹಸಿರು ಗೆರೆ ಬರದೇ ಒದ್ದಾಡುವವರಿಗೆ ಒಂದು ಉಪಾಯ. ಸಾಲಿನೊಳಗಿನ ಒಂದೇ ಒಂದು ಪದಕ್ಕೆ ಸುತ್ತು ಹಾಕಲು ಹೇಳಿ, “ಈ ಪದದ ಬದಲು ಬೇರೆ ಏನು ಬರಬಹುದಿತ್ತು?” ಎಂದು ಕೇಳಿ. “ನುಸುಳಿ” ಎಂಬ ಜಾಗದಲ್ಲಿ “ಓಡಿ” ಎಂದಿದ್ದರೆ? ಓಡುವುದರಲ್ಲಿ ಹೆದರಿಕೆ ಇದೆ, ನುಸುಳುವುದರಲ್ಲಿ ಮೋಸ ಇದೆ. ಹುಲಿ ಹಸುವನ್ನು ಮೋಸಗಾತಿ ಎಂದು ಎಣಿಸಿತ್ತು ಎಂಬ ವಾಕ್ಯ ತಾನಾಗಿ ಹುಟ್ಟಿತು ನೋಡಿ.

ಐದನೆಯ ಪಿರಿಯಡ್: ಸಾಲನ್ನು ವಾಕ್ಯಕ್ಕೆ ಹೊಂದಿಸುವುದು

ಕನ್ನಡದಲ್ಲಿ ಉದ್ಧರಣೆಯ ಬೆನ್ನಿಗೇ “ಎಂದು”, “ಎಂಬ”, “ಎನ್ನುತ್ತದೆ” ಬರುತ್ತದೆ, ಕ್ರಿಯಾಪದ ಕೊನೆಯಲ್ಲಿರುತ್ತದೆ. ನಾಲ್ಕೈದು ಸಾಲಿನ ಉದ್ಧರಣೆಯನ್ನು ವಾಕ್ಯದ ನಡುವೆ ತುರುಕಿದರೆ ಕರ್ತೃ ಪುಟದ ಮೇಲ್ಭಾಗದಲ್ಲಿ, ಕ್ರಿಯಾಪದ ಕೆಳಭಾಗದಲ್ಲಿ ಬಿದ್ದು ಓದುವವರಿಗೆ ಯಾರು ಹೇಳಿದ್ದು ಎಂಬುದೇ ಮರೆತುಹೋಗುತ್ತದೆ. ಆರೇಳು ಪದದವರೆಗೆ ವಾಕ್ಯದೊಳಗೆ ಇರಲಿ. ಹೆಚ್ಚಾದರೆ ವಾಕ್ಯ ಮುಗಿಸಿ, ಎರಡು ಚುಕ್ಕೆ ಇಟ್ಟು, ಕೆಳಗಿನ ಸಾಲಿನಲ್ಲಿ ಬರೆಯಲಿ.

“ಎಂದು ಹೇಳಿದ್ದಾರೆ” ಎಂಬುದೊಂದೇ ಕ್ರಿಯಾಪದ ಗೊತ್ತಿರುವ ಮಕ್ಕಳಿಗೆ ಬೋರ್ಡಿನ ಮೂಲೆಯಲ್ಲಿ ಒಂದು ಪಟ್ಟಿ ಇಡಿ: ಅನುಮಾನಿಸುತ್ತದೆ, ಬೇಡುತ್ತದೆ, ಒಪ್ಪುತ್ತದೆ, ಮಾತು ಕೊಡುತ್ತದೆ, ಹಂಗಿಸುತ್ತದೆ, ಸಮಾಧಾನ ಹೇಳುತ್ತದೆ. ಸರಿಯಾದ ಕ್ರಿಯಾಪದ ಆರಿಸಿದರೆ ಅರ್ಧ ವಿವರಣೆ ಅಲ್ಲೇ ಬಂದುಬಿಡುತ್ತದೆ.

ನಕಲಿಸುವಾಗ ಆಗುವ ತಪ್ಪು ಬಹುಪಾಲು ಒಂದೇ ಜಾತಿಯದು: ಮಕ್ಕಳು ಹಾಡಿನ ಭಾಷೆಯನ್ನು ಇಂದಿನ ಬರಹಕ್ಕೆ ತಿದ್ದಿಬಿಡುತ್ತಾರೆ. “ಸತ್ಯವಾಕ್ಯಕೆ” ಎಂದಿದ್ದರೆ “ಸತ್ಯವಾಕ್ಯಕ್ಕೆ” ಎಂದು ಒತ್ತು ಕೊಡುತ್ತಾರೆ. “ಕಣ್ಣ ನೀರನು” ಎಂಬುದು “ಕಣ್ಣೀರನ್ನು” ಆಗುತ್ತದೆ. ಲಯ ಕೆಡುವುದಲ್ಲದೆ, ಉದ್ಧರಣ ಚಿಹ್ನೆಯೊಳಗೆ ಇಟ್ಟದ್ದು ಇನ್ನೊಬ್ಬರ ಮಾತು, ಅದನ್ನು ಮುಟ್ಟುವ ಹಕ್ಕು ನಮಗಿಲ್ಲ ಎಂಬ ಶಿಸ್ತೇ ಹೋಗುತ್ತದೆ. ವಿಭಕ್ತಿ ಹೊಂದದಿದ್ದರೆ ಚಿಹ್ನೆಯ ಹೊರಗೆ “ಎಂಬುದನ್ನು”, “ಎಂಬಲ್ಲಿ”, “ಎಂಬ ಮಾತಿಗೆ” ಎಂದು ಸೇರಿಸಿ ಹೊಂದಿಸಿಕೊಳ್ಳಬೇಕು. ಹಳಗನ್ನಡದ ಸಾಲಾದರೆ ಎರಡು ಮೂರು ಪದ ಮಾತ್ರ ಎತ್ತಿ, ಉಳಿದ ಅರ್ಥವನ್ನು ಹೊಸಗನ್ನಡದಲ್ಲಿ ಸ್ವಂತ ವಾಕ್ಯವಾಗಿ ಬರೆಯಲಿ. ನಡುವೆ ಬಿಟ್ಟಲ್ಲಿ ಮೂರು ಚುಕ್ಕೆ, ಪದ್ಯದ ಸಾಲು ಮುರಿದಲ್ಲಿ ಓರೆಗೆರೆ. ಚಿಹ್ನೆಗಳ ವಿಷಯ ಇಷ್ಟೇ.

ಬಿಡುವಾಗ ಅರ್ಥ ತಿರುಚಬಾರದು. ಬಸವಣ್ಣನವರ ವಚನದಿಂದ “ಉಳ್ಳವರು ಶಿವಾಲಯವ ಮಾಡುವರು” ಎಂಬಷ್ಟನ್ನೇ ಕಿತ್ತುಕೊಂಡರೆ ಗುಡಿ ಕಟ್ಟಿಸುವ ಸಿರಿವಂತರನ್ನು ಹೊಗಳಿದಂತೆ ತೋರಿಸಬಹುದು. ಮುಂದೆ “ದೇಹವೇ ದೇಗುಲ” ಎಂದು ಸಾಗಿ “ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ” ಎಂದು ಮುಗಿಯುವ ವಚನ ಹೇಳುವುದು ಅದಕ್ಕೆ ತೀರ ಬೇರೆಯದನ್ನು. ಎತ್ತಿದ ಸಾಲಿನ ಹಿಂದಿನ ಎರಡು, ಮುಂದಿನ ಎರಡು ಸಾಲು ಓದದೆ ಬರೆಯಬಾರದು ಎಂದು ನಿಯಮ ಮಾಡಿ.

ಯಾರ ಮಾತು ಎಂದು ಖಚಿತ ಮಾಡಿಕೊಳ್ಳುವುದು

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ನುಡಿಮುತ್ತುಗಳು ಪ್ರಬಂಧಕ್ಕೆ ಸೇರಿಕೊಳ್ಳುತ್ತಿವೆ. ಫೋಟೊ ಪಕ್ಕದಲ್ಲಿ ಬರೆದ ಮಾತೆಲ್ಲ ಆ ಫೋಟೊದವರದ್ದಲ್ಲ. ಪುಸ್ತಕದ ಹೆಸರು ಅಥವಾ ಭಾಷಣದ ಸಂದರ್ಭ ಹೇಳಲಾಗದ ಮಾತನ್ನು ಪುರಾವೆಯಾಗಿ ಒಪ್ಪಬೇಡಿ.

ವಚನಗಳಲ್ಲಿ ನಮಗೆ ಒಂದು ಅನುಕೂಲ ಇದೆ, ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಗುಹೇಶ್ವರ ಎಂದರೆ ಅಲ್ಲಮ. “ಕಾಯಕವೇ ಕೈಲಾಸ” ಎಂದ ಕೂಡಲೇ ಮಕ್ಕಳು ಬಸವಣ್ಣನವರ ಹೆಸರು ಬರೆಯುತ್ತಾರೆ. ಆ ಮಾತು ಬರುವ, “ಕಾಯಕದಲ್ಲಿ ನಿರತನಾದಡೆ” ಎಂದು ಶುರುವಾಗುವ ವಚನದ ಕೊನೆಯಲ್ಲಿರುವುದು ಅಮರೇಶ್ವರಲಿಂಗ ಎಂಬ ಅಂಕಿತ, ಅಂದರೆ ಆಯ್ದಕ್ಕಿ ಮಾರಯ್ಯನದು. ವಚನ ಸಂಚಯ ಜಾಲತಾಣದಲ್ಲಿ ಪದ ಕೊಟ್ಟು ವಚನ ಹುಡುಕಬಹುದು. ಶಾಲೆಯಲ್ಲಿ ಒಂದು ಕಂಪ್ಯೂಟರ್ ಇದ್ದರೂ ಸಾಕು, ಇದನ್ನು ಮಕ್ಕಳ ಎದುರಿಗೇ ಮಾಡಿ ತೋರಿಸಿ.

ಗಾದೆಗಳ ಬಗ್ಗೆಯೂ ಒಂದು ಮಾತು. “ಕೈ ಕೆಸರಾದರೆ ಬಾಯಿ ಮೊಸರು” ಎಂದು ಒಬ್ಬ ಬರೆದರೆ “ಹಣೆಬರಹಕ್ಕೆ ಹೊಣೆ ಯಾರು” ಎಂದು ಇನ್ನೊಬ್ಬ ಬರೆಯಬಹುದು. ಗಾದೆ ಜನರ ಅನುಭವವನ್ನು ಚೆನ್ನಾಗಿ ಹೇಳುತ್ತದೆ, ಆದರೆ ದುಡಿದವರಿಗೆಲ್ಲ ಫಲ ಸಿಕ್ಕಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮಾತಿಗೆ ಮೆರುಗು ಬೇಕಾದಲ್ಲಿ ಬಳಸಲಿ, ವಾದದ ಭಾರ ಅದರ ಮೇಲೆ ಹೊರಿಸದಿರಲಿ.

ಸಾಹಿತ್ಯವಲ್ಲದ ವಿಷಯವಾದರೆ

ಶಿಕ್ಷಣ, ಪರಿಸರ, ಮೊಬೈಲ್ ಮುಂತಾದ ವಿಷಯಗಳಲ್ಲಿ ಬೇರೆ ಪ್ರಶ್ನೆ ಏಳುತ್ತದೆ: ಯಾವುದನ್ನು ಯಥಾವತ್ತಾಗಿ ಎತ್ತಬೇಕು, ಯಾವುದನ್ನು ಸ್ವಂತ ಮಾತಲ್ಲಿ ಹೇಳಬೇಕು? ಪದಗಳೇ ಮುಖ್ಯವಾದಲ್ಲಿ ಎತ್ತು, ವಿಷಯ ಮಾತ್ರ ಮುಖ್ಯವಾದಲ್ಲಿ ಮೂಲ ಹೆಸರಿಸಿ ನಿನ್ನ ಮಾತಲ್ಲಿ ಹೇಳು. ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಡುವ ಸಂವಿಧಾನದ 21ಎ ವಿಧಿಯನ್ನೇ ತೆಗೆದುಕೊಳ್ಳಿ. ಅದು 2002ರ 86ನೆಯ ತಿದ್ದುಪಡಿಯಿಂದ ಬಂತು, ಅದನ್ನು ಜಾರಿಗೆ ತರಲು ಮಾಡಿದ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ ಎಂಬುದನ್ನು ಉದ್ಧರಣ ಚಿಹ್ನೆಯಲ್ಲಿ ಇಡಬೇಕಿಲ್ಲ. ಆದರೆ “ಉಚಿತ ಮತ್ತು ಕಡ್ಡಾಯ” ಎಂಬ ಪದಗಳನ್ನು ಎತ್ತಲೇಬೇಕು, ಏಕೆಂದರೆ ವಾದ ನಿಲ್ಲುವುದು ಅವುಗಳ ಮೇಲೆ. ಉಚಿತ ಎಂದರೆ ಶುಲ್ಕ ಮಾತ್ರವೇ, ಬಸ್ಸು ಪುಸ್ತಕ ಸೇರುತ್ತದೆಯೇ? ಕಡ್ಡಾಯ ಯಾರ ಮೇಲೆ? ಹಾಗೆಯೇ ವಿಧಿ ಹೇಳುವ ವಯಸ್ಸು 6ರಿಂದ 14. ಕಾಲೇಜು ಶುಲ್ಕದ ವಿರುದ್ಧ ವಾದಿಸುವವರು ಈ ವಿಧಿಯನ್ನು ಹಿಡಿದರೆ ಅದು ಅವರ ಕೈ ಹಿಡಿಯುವುದಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಪುಸ್ತಕ ಇರುವುದಿಲ್ಲ. ಮೂರರಿಂದ ಆರು ಪದದ ತುಣುಕುಗಳನ್ನು ಮಾತ್ರ ನೆನಪಿಟ್ಟುಕೊಳ್ಳಲು ಹೇಳಿ, ಅವನ್ನು ತಪ್ಪಿಲ್ಲದೆ ಬರೆಯುವುದು ಸುಲಭ. ಪದ ಖಚಿತವಿಲ್ಲದಿದ್ದರೆ ಚಿಹ್ನೆ ಹಾಕದೆ ಅರ್ಥವನ್ನು ಹೇಳಲಿ. ಅಂದಾಜಿನ ಪದಗಳಿಗೆ ಉದ್ಧರಣ ಚಿಹ್ನೆ ಹಾಕುವುದು ಸುಳ್ಳು ಸಾಕ್ಷಿ.

ಆರನೆಯ ಪಿರಿಯಡ್ ಮತ್ತು ತಿದ್ದುವಿಕೆ

ಪ್ಯಾರಾಗಳನ್ನು ಅಕ್ಕಪಕ್ಕದವರು ಅದಲುಬದಲು ಮಾಡಿಕೊಂಡು ಬೆರಳು ಮುಚ್ಚುವ ಪರೀಕ್ಷೆ ಮಾಡಲಿ, ಮೂರು ಬಣ್ಣದ ಗೆರೆ ಎಳೆಯಲಿ, ಸಾಲನ್ನು ಮೂಲದೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಲಿ. ಇಪ್ಪತ್ತು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ತಮ್ಮ ಪ್ಯಾರಾವನ್ನು ತಾವೇ ತಿದ್ದಿ ಬರೆದು ನಿಮಗೆ ಒಪ್ಪಿಸಲಿ.

ಹತ್ತು ಅಂಕ ಇಟ್ಟರೆ ನಿಲುವಿಗೆ 2, ಸಾಲಿನ ಆಯ್ಕೆಗೆ 2, ಸಂದರ್ಭಕ್ಕೆ 1, ತಪ್ಪಿಲ್ಲದ ನಕಲಿಗೆ 1, ಬಿಡಿಸಿ ನಂಟು ತೋರಿಸಿದ್ದಕ್ಕೆ 4. ಅಂಕ ಹೆಚ್ಚಿರುವ ಕಡೆಗೇ ಮಕ್ಕಳ ಗಮನ ಹೋಗುತ್ತದೆ, ಆದ್ದರಿಂದ ಈ ಹಂಚಿಕೆಯನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಡಿ. ಐವತ್ತು ಮಕ್ಕಳ ತರಗತಿಯಲ್ಲಿ ಕಾಗುಣಿತ, ಅಕ್ಷರ, ವಾಕ್ಯ ಎಲ್ಲವನ್ನೂ ತಿದ್ದಲು ಹೋದರೆ ನೀವೂ ದಣಿಯುತ್ತೀರಿ, ಕೆಂಪು ಶಾಯಿಯಲ್ಲಿ ಮುಖ್ಯ ಮಾತೂ ಮುಳುಗುತ್ತದೆ. ಈ ಸಲ ಹಸಿರು ಗೆರೆಯ ಭಾಗವನ್ನಷ್ಟೇ ಓದಿ, ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: “ಯಾವ ಪದದಿಂದ?” ಅಥವಾ “ಹುಲಿ ಇದನ್ನು ಕೇಳಿಸಿಕೊಂಡಿತ್ತಾ?” ಒಂದಕ್ಕೆ ಎರಡು ನಿಮಿಷದಂತೆ 100 ನಿಮಿಷದಲ್ಲಿ ಮುಗಿಯುತ್ತದೆ. ಪ್ರಶ್ನೆಗೆ ಉತ್ತರವನ್ನು ಅದೇ ಪ್ಯಾರಾದ ಕೆಳಗೆ, ಮುಂದಿನ ಪಿರಿಯಡ್‌ಗೆ ಮೊದಲು, ಎರಡು ವಾಕ್ಯದಲ್ಲಿ ಬರೆಸಿ.